ಅಮ್ಮ ಫೆಬ್ರವರಿಯಲ್ಲಿ ‘ಮನೆಗೆಲಸ’, ಮಾರ್ಚ್‌ನಲ್ಲಿ ‘ಸಹಾಯಕಿ’: ಅಂಕಿಅಂಶ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ,
ನವದೆಹಲಿ.

ವಿಷಯ: ದೇಶದ ಕೆಲಸ ಮತ್ತು ಉತ್ಪಾದನೆಯ ಲೆಕ್ಕದಲ್ಲಿ ನಮ್ಮ ಮನೆಯವರು ಎಲ್ಲಿದ್ದಾರೆ ಎಂಬ ಬಗ್ಗೆ.

ಮಾನ್ಯರೇ,

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವನು. ಡಿಪ್ಲೊಮಾ ಓದಿ, ಪೀಣ್ಯದಲ್ಲಿ ಹದಿನಾಲ್ಕು ವರ್ಷ ಲೇತ್ ಮುಂದೆ ನಿಂತವನು. ಈಗ ಶಿಡ್ಲಘಟ್ಟದಲ್ಲೇ ಒಂದು ಶೆಡ್ ಹಾಕಿಕೊಂಡು ರೇಷ್ಮೆ ರೀಲಿಂಗ್ ಮೆಷಿನ್‌ಗಳಿಗೆ ಶಾಫ್ಟು, ಬುಶ್ಶು ಮಾಡಿಕೊಡುತ್ತೇನೆ. ಮನೆಯಲ್ಲಿ ಅಪ್ಪ, ಅಮ್ಮ, ತಮ್ಮ, ನನ್ನ ಹೆಂಡತಿ, ಆರನೇ ಕ್ಲಾಸಿನ ಮಗಳು. ಮಗಳನ್ನು ಬಿಟ್ಟರೆ ಐದೂ ಜನ ದುಡಿಯುವವರೇ.

2025ರ ಫೆಬ್ರವರಿಯಲ್ಲಿ ನಿಮ್ಮ ಪಿಎಲ್‌ಎಫ್‌ಎಸ್ ಸರ್ವೆಗೆ, ಅಂದರೆ ಯಾರು ಏನು ಕೆಲಸ ಮಾಡುತ್ತಾರೆ ಅಂತ ಮನೆ ಮನೆಗೆ ಬಂದು ಕೇಳುವ ಸರ್ವೆಗೆ, ನಮ್ಮ ಮನೆ ಆಯ್ಕೆಯಾಯಿತು. ಟ್ಯಾಬ್ಲೆಟ್ ಹಿಡಿದು ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಬಿಟ್ಟು ಒಳಗೆ ಬಂದ, ಕಾಫಿ ಬೇಡ ಅಂದ. ಅಪ್ಪ ಜಗಲಿಯ ಮೇಲೆ ಕೂತು ಎಲ್ಲರ ಪರವಾಗಿ ಉತ್ತರ ಹೇಳಿದರು. ಅಮ್ಮನ ಸರದಿ ಬಂತು.

“ಅಮ್ಮ ಏನ್ ಕೆಲಸ ಮಾಡ್ತಾರೆ?”

“ಅವಳೇನ್ ಮಾಡ್ತಾಳೆ ಸಾರ್, ಮನೇಲೇ ಇರ್ತಾಳೆ.”

ಹುಡುಗ ಟ್ಯಾಬ್ಲೆಟ್‌ನಲ್ಲಿ 92 ಎಂದು ಒತ್ತಿದ. 92 ಅಂದರೆ ಮನೆಗೆಲಸ ಮಾತ್ರ ಮಾಡುವವರು. ನಿಮ್ಮ ಲೆಕ್ಕದಲ್ಲಿ ಅವರು ಕೆಲಸದಲ್ಲಿರುವವರೂ ಅಲ್ಲ, ಕೆಲಸ ಹುಡುಕುವವರೂ ಅಲ್ಲ.

ಆ ಹೊತ್ತಿನಲ್ಲಿ ಅಮ್ಮ ಮನೆಯಲ್ಲಿ ಇರಲಿಲ್ಲ ಸ್ವಾಮಿ. ಹಿತ್ತಲಿನ ಹುಳುಮನೆಯಲ್ಲಿದ್ದರು. ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ನಾವು ಜ್ವರ ಅನ್ನುವುದು. ನಾಲ್ಕನೆಯದು ಮುಗಿದ ಮೇಲಿನ ಒಂದು ವಾರವೇ ನಿಜವಾದ ಪರೀಕ್ಷೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಆಗಲೇ. ಅಮ್ಮ ರಾತ್ರಿ ಹನ್ನೊಂದಕ್ಕೆ ಒಮ್ಮೆ ಕಡ್ಡಿ ಸೊಪ್ಪು ಹಾಕಿ ಮಲಗುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮತ್ತೆ ಹಾಕುತ್ತಾರೆ. ಹುಳು ಹಣ್ಣಾದ ದಿನ ಊಟವೂ ಇಲ್ಲ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುವುದೊಂದೇ ಕೆಲಸ.

ಮಾರ್ಚ್‌ನಲ್ಲಿ ಅದೇ ಹುಡುಗ ಮತ್ತೆ ಬಂದ. ಹಿಂದೆ ಹಳ್ಳಿಯ ಮನೆಗಳಿಗೆ ಒಂದೇ ಸಲ ಬರುತ್ತಿದ್ದರಂತೆ. 2025ರ ಜನವರಿಯಿಂದ ಒಂದೊಂದು ಮನೆಗೂ ಸತತ ನಾಲ್ಕು ತಿಂಗಳು ಬರುತ್ತಾರೆ. ಇದು ನೀವು ಮಾಡಿದ ಒಳ್ಳೆಯ ಬದಲಾವಣೆ. ಆವತ್ತು ಅಪ್ಪ ಗೂಡು ತಗೊಂಡು ಮಾರ್ಕೆಟ್‌ಗೆ ಹೋಗಿದ್ದರು. ಉತ್ತರ ಹೇಳಿದ್ದು ಅಮ್ಮನೇ. ಸೊಪ್ಪು ಕೊಯ್ಯುವುದರಿಂದ ಹಿಡಿದು ತಟ್ಟೆ ತೊಳೆದು ಸುಣ್ಣ ಹಾಕುವವರೆಗೆ ಎಲ್ಲವನ್ನೂ ಹೇಳಿದರು. ಹುಡುಗ ಈ ಸಲ 21 ಒತ್ತಿದ.

21 ಅಂದರೆ ಮನೆಯ ಉದ್ಯಮದಲ್ಲಿ ಸಹಾಯಕರು. ಸಂಬಳ ಇಲ್ಲದವರು.

ಒಂದು ತಿಂಗಳಲ್ಲಿ ಅಮ್ಮನ ಕೆಲಸ ಒಂದು ಹಿಡಿ ಸೊಪ್ಪಿನಷ್ಟೂ ಬದಲಾಗಿರಲಿಲ್ಲ. ಬದಲಾಗಿದ್ದು ಜಗಲಿಯ ಮೇಲೆ ಯಾರು ಕೂತಿದ್ದರು ಅನ್ನುವುದು ಮಾತ್ರ. ಆದರೆ ದೇಶದಲ್ಲಿ ದುಡಿಯುವ ಹೆಂಗಸರ ಲೆಕ್ಕಕ್ಕೆ ಒಬ್ಬರು ಸೇರಿಬಿಟ್ಟರು. ರಾತ್ರಿ ನಾನು ಅಮ್ಮನಿಗೆ ಇದನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹೆಲ್ಪರ್ ಅಂತ ಬರ್ಕೊಂಡ್ನಾ? ಯಾರಿಗಪ್ಪಾ ಹೆಲ್ಪು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರ್ಕೆಟ್‌ನಲ್ಲಿ ಚೀಟಿ ಅಪ್ಪನ ಹೆಸರಿಗೆ ಆಗುತ್ತದೆ, ದುಡ್ಡೂ ಅವರ ಖಾತೆಗೇ ಬೀಳುತ್ತದೆ. ಹಾಗಾಗಿ ಅಪ್ಪ 11, ಅಂದರೆ ಸ್ವಂತ ಉದ್ಯೋಗಿ. ಅಪ್ಪ ಸೋಮಾರಿ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಹುಳುಮನೆಯಲ್ಲಿ ಯಾರು ಯಾರಿಗೆ ಸಹಾಯಕರು ಅಂತ ಹುಳುಗಳನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಇಲ್ಲಿಂದ ನನಗೆ ಹುಚ್ಚು ಹಿಡಿಯಿತು ಅನ್ನಿ. ಪರಿಚಯದ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರ ಹತ್ತಿರ ಹೋಗಿ ಕೂತೆ. ನಿಮ್ಮ ವರದಿಗಳನ್ನು ಅವರು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು. ನಾನು ಹುಡುಕಿದ ಮಟ್ಟಿಗೆ ವರದಿ ಕನ್ನಡದಲ್ಲಿ ಸಿಗಲಿಲ್ಲ. ಪ್ರಶ್ನೆ ಕನ್ನಡದಲ್ಲಿ ಕೇಳಿದಿರಿ, ಉತ್ತರ ಕನ್ನಡದಲ್ಲಿ ತಗೊಂಡಿರಿ, ಫಲಿತಾಂಶ ಮಾತ್ರ ಇಂಗ್ಲಿಷ್‌ನಲ್ಲಿ, ಹಿಂದಿಯಲ್ಲಿ. ಇದೂ ಒಂದು ದೂರು ಅಂತ ಬರೆದುಕೊಳ್ಳಿ.

ಮೇಷ್ಟ್ರು ತೋರಿಸಿದ ಲೆಕ್ಕ ಹೀಗಿತ್ತು. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ, ಇಲ್ಲವೇ ಕೆಲಸ ಹುಡುಕುವವರು 2017–18ರಲ್ಲಿ ನೂರಕ್ಕೆ 23.3. 2023–24ರ ಹೊತ್ತಿಗೆ 41.7. ಭಾರಿ ಏರಿಕೆ. ಸರ್ಕಾರ ಖುಷಿಯಿಂದ ಹೇಳಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ವರದಿಗಳಲ್ಲಿ ಇನ್ನೊಂದು ಸಾಲಿದೆ. ದುಡಿಯುವವರಲ್ಲಿ ಸಂಬಳವಿಲ್ಲದ ‘ಸಹಾಯಕರ’ ಪಾಲು ಇದೇ ಅವಧಿಯಲ್ಲಿ ನೂರಕ್ಕೆ 13.6ರಿಂದ 19.4ಕ್ಕೆ ಏರಿದೆ. ಸ್ವಯಂ ಉದ್ಯೋಗಿಗಳು ಒಟ್ಟಾರೆ 52.2ರಿಂದ 58.4 ಆಗಿದ್ದಾರೆ. ತಿಂಗಳ ಸಂಬಳದವರು 22.8ರಿಂದ 21.7ಕ್ಕೆ ಇಳಿದಿದ್ದಾರೆ. ಮೊದಲ ಸಾಲು ಪೇಪರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬಂತು. ಉಳಿದವು ಒಳಪುಟದ ಕೋಷ್ಟಕದಲ್ಲೇ ಉಳಿದವು.

ಅಮ್ಮನ ದುಡಿಮೆ ಲೆಕ್ಕಕ್ಕೆ ಬರುವುದು ನನಗೆ ಬೇಡವಾಗಿಲ್ಲ. ಬರಲೇಬೇಕು. ಇಷ್ಟು ವರ್ಷ ಬಾರದೇ ಇದ್ದದ್ದೇ ಅನ್ಯಾಯ. ನನ್ನ ತಕರಾರು ಇರುವುದು, ಇರುವ ಕೆಲಸವನ್ನು ಈಗ ನೋಡಿ ‘ಹೊಸ ಉದ್ಯೋಗ ಸೃಷ್ಟಿಯಾಯಿತು’ ಅನ್ನುವುದರ ಬಗ್ಗೆ. ನಲವತ್ತು ವರ್ಷದಿಂದ ಸೊಪ್ಪು ಹಾಕುತ್ತಿರುವವರಿಗೆ 2025ರಲ್ಲಿ ಕೆಲಸ ಸಿಕ್ಕಿತು ಅಂದರೆ ಹೇಗೆ?

ನನ್ನ ಹೆಂಡತಿಯ ಕಥೆ ಇದರ ತಿರುವುಮುರುವು. ಪೀಣ್ಯದಲ್ಲಿದ್ದಾಗ ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಪಿಎಫ್, ಇಎಸ್‌ಐ ಇತ್ತು. ಟಾರ್ಗೆಟ್ ಕಾಟವೂ ಇತ್ತು, ಸುಳ್ಳು ಹೇಳಬಾರದು. ಈಗ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಮದುವೆ ಸೀಸನ್‌ನಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ವಾರಕ್ಕೊಂದು ಸೀರೆ ಬಂದರೆ ಪುಣ್ಯ. ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ನಿಮ್ಮ ತಿಂಗಳ ಲೆಕ್ಕದಲ್ಲಿ ಅವಳು ಕೆಲಸದಲ್ಲಿದ್ದಾಳೆ. ಇದು ನೀವು ಮಾಡಿದ ನಿಯಮ ಅಲ್ಲ, ಪ್ರಪಂಚದಲ್ಲೆಲ್ಲ ಹೀಗೇ ಎಣಿಸುತ್ತಾರೆ ಅಂತ ಮೇಷ್ಟ್ರು ಹೇಳಿದರು. ಇರಲಿ. ಆದರೆ ಶ್ರೀಮಂತ ದೇಶಗಳಲ್ಲಿ ಹೆಚ್ಚಿನವರು ಸಂಬಳದವರು. ಅಲ್ಲಿ ‘ಕೆಲಸದಲ್ಲಿದ್ದಾರೆ’ ಅಂದರೆ ಹೆಚ್ಚುಕಡಿಮೆ ಒಂದೇ ಅರ್ಥ. ನಮ್ಮಲ್ಲಿ ಆ ಒಂದು ಮಾತಿನೊಳಗೆ ಗಾರ್ಮೆಂಟ್ಸ್‌ನ ಟೈಲರ್ ಕೂಡ ಇದ್ದಾಳೆ, ವಾರಕ್ಕೊಂದು ಕುಚ್ಚಿನವಳೂ ಇದ್ದಾಳೆ. 2024–25ರ ಆರ್ಥಿಕ ಸಮೀಕ್ಷೆಯೇ ಇದನ್ನು ಹೇಳಿದೆ: ಬೆಲೆ ಏರಿಕೆ ಕಳೆದು ನೋಡಿದರೆ ಸ್ವಯಂ ಉದ್ಯೋಗದ ಹೆಂಗಸರ ತಿಂಗಳ ಗಳಿಕೆ 2017–18ರಲ್ಲಿ 4,348 ರೂಪಾಯಿ ಇದ್ದದ್ದು 2023–24ರಲ್ಲಿ 2,950 ರೂಪಾಯಿಗೆ ಬಂದಿದೆ. ಕೆಲಸದಲ್ಲಿರುವವರು ಜಾಸ್ತಿ, ಕೈಗೆ ಬರುವುದು ಕಡಿಮೆ. ಈ ಎರಡು ಸಂಖ್ಯೆಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಇಡಿ ಎನ್ನುವುದು ಅಷ್ಟು ದೊಡ್ಡ ಬೇಡಿಕೆಯಾ?

ಈಗ ಉತ್ಪಾದನೆಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ್ದು ನಮ್ಮ ಗೂಡಿನ ಪ್ರಯಾಣ.

ಹುಳು ಸಾಕಿ ಗೂಡು ಮಾಡುವುದು ನಿಮ್ಮ ವರ್ಗೀಕರಣದಲ್ಲಿ ಕೃಷಿ. ಅದೇ ಗೂಡು ಮಾರ್ಕೆಟ್‌ನಲ್ಲಿ ಹರಾಜಾಗಿ, ರೀಲರ್ ಅದನ್ನು ಕುದಿಯುವ ನೀರಿಗೆ ಹಾಕಿ ಎಳೆ ತೆಗೆದ ಕೂಡಲೇ ತಯಾರಿಕೆ. ಅಮ್ಮನ ಹುಳುಮನೆಗೂ ಎಳೆ ತೆಗೆಯುವ ಫಿಲೇಚರ್‌ಗೂ ನಡುವೆ ಕೆಲವೇ ಮೈಲಿ. ಆದರೆ ಲೆಕ್ಕದಲ್ಲಿ ಅವರಿಬ್ಬರೂ ಬೇರೆ ಬೇರೆ ದೇಶದವರಂತೆ. ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕ್ಲೆಮ್ಸ್ ಎಂಬ ಅಂಕಿಅಂಶ ಇದೆಯಲ್ಲ, ಅದರಲ್ಲಿ ಇಡೀ ದೇಶದ ದುಡಿಮೆಯನ್ನು 27 ಉದ್ಯಮಗಳಾಗಿ ಹಂಚಿ, ಎಷ್ಟು ಜನ ದುಡಿದರು, ಎಷ್ಟು ಉತ್ಪಾದನೆ ಆಯಿತು ಅಂತ ಕೊಟ್ಟಿದ್ದಾರೆ. ನಮ್ಮ ಗೂಡು ಕೃಷಿ, ಅರಣ್ಯ, ಮೀನುಗಾರಿಕೆಯ ಗುಂಪಿನಲ್ಲಿ. ಎಳೆದ ದಾರ ಬಟ್ಟೆ, ಚರ್ಮ, ಚಪ್ಪಲಿಯ ಗುಂಪಿನಲ್ಲಿ. ಅಷ್ಟು ದೊಡ್ಡ ಲೆಕ್ಕಕ್ಕೆ ಹೀಗೆ ಒಟ್ಟು ಮಾಡಲೇಬೇಕು, ಅರ್ಥವಾಗುತ್ತದೆ. ಆದರೆ ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಬಿದ್ದಾಗ ಹುಳುಮನೆಗೂ, ಫಿಲೇಚರ್‌ಗೂ, ನನ್ನ ಲೇತ್‌ಗೂ ಒಂದೇ ಸಲ ಪೆಟ್ಟು ಬೀಳುತ್ತದೆ. ಅದು ಯಾವ ಕೋಷ್ಟಕದಲ್ಲೂ ಒಂದು ಕಡೆ ಕಾಣುವುದಿಲ್ಲ.

ಅಮ್ಮನ ದುಡಿಮೆಯ ಬೆಲೆ ದೇಶದ ಉತ್ಪಾದನೆಯಲ್ಲಿ ಎಲ್ಲಿದೆ ಅಂತಲೂ ಕೇಳಿದೆ. ಗೂಡಿನ ಬೆಲೆಯಿಂದ ಚಾಕಿ ಹುಳು (ಸಾಕಲು ತರುವ ಮರಿ ಹುಳು), ಗೊಬ್ಬರ, ಔಷಧಿಯ ಖರ್ಚು ಕಳೆದರೆ ಉಳಿಯುವುದು ಮೌಲ್ಯವರ್ಧನೆ. ರಾತ್ರಿ ಹನ್ನೊಂದರ ಸೊಪ್ಪು, ಬೆಳಗಿನ ಜಾವದ ಸೊಪ್ಪು ಎಲ್ಲ ಅದರೊಳಗೇ ಇದೆ. ಅದಕ್ಕೆ ‘ಮಿಶ್ರ ವರಮಾನ’ ಅಂತ ಹೆಸರು. ಕೂಲಿ ಎಷ್ಟು, ಲಾಭ ಎಷ್ಟು ಅಂತ ಬೇರೆ ಮಾಡಲಾಗದ್ದಕ್ಕೆ ಆ ಹೆಸರಂತೆ. ಅಂದರೆ ದೇಶದ ಉತ್ಪಾದನೆಯಲ್ಲಿ ಅಮ್ಮ ಇದ್ದಾರೆ, ಕೂಲಿಯ ಲೆಕ್ಕದಲ್ಲಿ ಇಲ್ಲ. ಅಡುಗೆ, ಪಾತ್ರೆ, ಮಗಳ ಜಡೆ ಇವಂತೂ ಎಲ್ಲೂ ಇಲ್ಲ. ನಿಮ್ಮದೇ ಸಚಿವಾಲಯದ 2024ರ ಸಮಯ ಬಳಕೆ ಸರ್ವೆ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 88 ನಿಮಿಷ. ನಮ್ಮ ಮನೆಯ ಗಂಡಸರಿಗೆ ಆ 88 ಕೂಡ ಜಾಸ್ತಿಯಾಯಿತು.

ತಮ್ಮನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೋಲಾರದ ಕಡೆಯ ಒಂದು ಕಾರ್ಖಾನೆಯಲ್ಲಿ ಅವನು ಲೈನ್ ಮೇಲೆ ನಿಲ್ಲುತ್ತಾನೆ. ಯೂನಿಫಾರ್ಮ್ ಮೇಲೆ ಕಾರ್ಖಾನೆಯ ಹೆಸರು, ಪೇ ಸ್ಲಿಪ್ ಮೇಲೆ ಏಜೆನ್ಸಿಯ ಹೆಸರು. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕಾಗದ. ನಿಮ್ಮ ಸರ್ವೆಯಲ್ಲಿ ಅವನು 31, ಅಂದರೆ ಖಾಯಂ ಸಂಬಳದವನು. ಖಾಯಂ ಅನ್ನುವ ಮಾತು ಕೇಳಿ ಅವನು ನಕ್ಕುಬಿಟ್ಟ. ದೇಶದ ನೋಂದಾಯಿತ ಕಾರ್ಖಾನೆಗಳ ವಾರ್ಷಿಕ ಸರ್ವೆ ಪ್ರಕಾರ 2023–24ರಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಕಾರ್ಮಿಕರು ಗುತ್ತಿಗೆಯವರು. 2023–24ರಲ್ಲಿ ತಿಂಗಳ ಸಂಬಳದವರಲ್ಲಿ ನೂರಕ್ಕೆ 58 ಜನಕ್ಕೆ ಲಿಖಿತ ಒಪ್ಪಂದವೇ ಇಲ್ಲ. ಇನ್ನೊಂದು ತಮಾಷೆ ನೋಡಿ. ಹಿಂದೆ ಕಾರ್ಖಾನೆಯ ವಾಚ್‌ಮನ್, ಕ್ಯಾಂಟೀನ್‌ನವನು ಕಾರ್ಖಾನೆಯ ನೌಕರನೇ ಆಗಿದ್ದ, ಅವನ ಸಂಬಳ ತಯಾರಿಕೆಯ ಲೆಕ್ಕಕ್ಕೆ ಸೇರುತ್ತಿತ್ತು. ಈಗ ಆ ಕೆಲಸ ಏಜೆನ್ಸಿಗೆ ಹೋಗಿದೆ. ಅದೇ ಗೇಟು, ಅದೇ ಸ್ಟೂಲು, ಆದರೆ ಅದು ಸೇವಾ ವಲಯ. ಸೇವಾ ವಲಯ ಬೆಳೆಯಿತು ಅಂತ ಓದುವಾಗ ನನಗೆ ಆ ಸ್ಟೂಲು ನೆನಪಾಗುತ್ತದೆ.

ಇನ್ನು ನಾನು. 2016ರ ನವೆಂಬರ್‌ನಲ್ಲಿ ನೋಟು ಹೋದಾಗ ಪೀಣ್ಯದಲ್ಲಿ ನಮ್ಮ ಶಾಪ್‌ನಲ್ಲಿ ಆರು ಜನ ಇದ್ದೆವು. ಜಾಬ್ ವರ್ಕ್ ಅಂಗಡಿಗಳಲ್ಲಿ ಶನಿವಾರದ ಬಟವಾಡೆ ಎಲ್ಲ ನಗದು. ಎರಡು ತಿಂಗಳು ಹೇಗೋ ತಳ್ಳಿದೆವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ನಂಬರ್ ಇಲ್ಲದವರಿಗೆ ದೊಡ್ಡವರು ಆರ್ಡರ್ ಕೊಡುವುದು ಕಡಿಮೆ ಮಾಡಿದರು. ಆರು ಜನ ಮೂವರಾದೆವು. 2020ರ ಲಾಕ್‌ಡೌನ್‌ನಲ್ಲಿ ಓನರ್ ಮೆಷಿನ್ ಮಾರಿದರು, ನಾನು ಹೆಂಡತಿ ಮಗಳ ಜೊತೆ ಊರಿಗೆ ಬಂದೆ. ಎರಡು ವರ್ಷ ಅಮ್ಮನ ಹುಳುಮನೆಯಲ್ಲಿ ಸೊಪ್ಪು ಹೊತ್ತೆ. ಆಗ ನಾನೂ 21ನೇ ನಂಬರಿನವನೇ.

ಪಿಎಲ್‌ಎಫ್‌ಎಸ್‌ನಲ್ಲಿ ಕೃಷಿಯಲ್ಲಿರುವವರ ಪಾಲು 2018–19ರಲ್ಲಿ ನೂರಕ್ಕೆ 42.5 ಇತ್ತು. 2020–21ಕ್ಕೆ 46.5. ದಶಕಗಳಿಂದ ಇಳಿಯುತ್ತಾ ಬಂದಿದ್ದದ್ದು ತಿರುಗಿ ಏರಿತು. ಆ ಏರಿಕೆಯಲ್ಲಿ ನಾನೂ ಒಬ್ಬ. ನಮ್ಮ ಜಮೀನು ಅಷ್ಟೇ ಇತ್ತು, ಸೊಪ್ಪೂ ಅಷ್ಟೇ, ಗೂಡೂ ಅಷ್ಟೇ. ಹೊಲದಲ್ಲಿ ಎರಡು ತಲೆ ಹೆಚ್ಚಾದವು, ಅಷ್ಟೇ. 2023–24ರಲ್ಲೂ ಅದು 46.1ರಲ್ಲೇ ನಿಂತಿತ್ತು. ಲಾಕ್‌ಡೌನ್ ಮುಗಿದು ಎಷ್ಟು ಕಾಲವಾಯಿತು!

ಆ ವರ್ಷಗಳಲ್ಲಿ ನಮ್ಮಂಥ ಅಂಗಡಿಗಳ ಉತ್ಪಾದನೆಯನ್ನು ದೇಶದ ಲೆಕ್ಕದಲ್ಲಿ ಹೇಗೆ ಅಂದಾಜು ಮಾಡಿದಿರಿ ಅನ್ನುವುದು ನನ್ನ ದೊಡ್ಡ ಪ್ರಶ್ನೆ. 2011–12ನ್ನು ಆಧಾರ ವರ್ಷ, ಅಂದರೆ ಹೋಲಿಕೆಗೆ ಬುಡದ ವರ್ಷ, ಅಂತ ಇಟ್ಟುಕೊಂಡು, ಸಣ್ಣವರ ಬಗ್ಗೆ ಪ್ರತಿವರ್ಷ ನೇರ ಮಾಹಿತಿ ಇಲ್ಲದ ಕಡೆ ದೊಡ್ಡವರ ಬೆಳವಣಿಗೆಯನ್ನೇ ಸಣ್ಣವರಿಗೂ ಹಚ್ಚಿದಿರಿ. ದೊಡ್ಡವರು, ಸಣ್ಣವರು ಒಟ್ಟಿಗೆ ನಡೆಯುವಾಗ ಅದು ನಡೆಯುತ್ತದೆ. ನಮ್ಮ ಆರ್ಡರ್ ಹೋಗಿ ದೊಡ್ಡವರಿಗೆ ಸೇರಿದಾಗ? ಅವರು ಬೆಳೆದದ್ದನ್ನು ನೋಡಿ ನಾವೂ ಬೆಳೆದೆವು ಅಂತ ಬರೆದುಕೊಂಡ ಹಾಗಾಗುತ್ತದೆ. ಬಾಗಿಲು ಹಾಕಿದ ಅಂಗಡಿ ಕಾಗದದಲ್ಲಿ ಬೆಳೆಯುತ್ತಲೇ ಇರುತ್ತದೆ.

ಇದು ನನ್ನ ಊಹೆ ಮಾತ್ರ ಅಲ್ಲ. ನಿಮ್ಮದೇ ಸರ್ವೆ ಪ್ರಕಾರ 2015–16ರಲ್ಲಿ ಕೃಷಿ, ಕಟ್ಟಡ ಕೆಲಸ ಬಿಟ್ಟು ನಮ್ಮಂಥ ಸಣ್ಣ ಉದ್ಯಮಗಳಲ್ಲಿ 11.13 ಕೋಟಿ ಜನ ದುಡಿಯುತ್ತಿದ್ದರು. ಏಳು ವರ್ಷದ ನಂತರ, 2022–23ರಲ್ಲಿ, 10.96 ಕೋಟಿ. ತಯಾರಿಕೆ ಒಂದನ್ನೇ ನೋಡಿದರೆ ಸುಮಾರು 3.60 ಕೋಟಿಯಿಂದ 3.06 ಕೋಟಿಗೆ ಇಳಿದಿತ್ತು. 2023–24ರಲ್ಲಿ ಒಟ್ಟು ಸಂಖ್ಯೆ 12.06 ಕೋಟಿಗೆ ಏರಿದೆ, ಅದನ್ನೂ ಹೇಳದಿದ್ದರೆ ನಾನು ನ್ಯಾಯವಂತನಲ್ಲ. ಆದರೆ ನಡುವಿನ ಏಳು ವರ್ಷ ಎಲ್ಲಿ ಹೋಯಿತು? ಅದರಲ್ಲಿ ಬಹುಪಾಲು ವರ್ಷ ದೇಶದ ತಯಾರಿಕೆ ಬೆಳೆಯುತ್ತಿದೆ ಅಂತಲೇ ನಾವು ಓದುತ್ತಿದ್ದೆವು.

ಕ್ಲೆಮ್ಸ್ ಪ್ರಕಾರ 2022–23ರಲ್ಲಿ ದೇಶದಲ್ಲಿ 59.67 ಕೋಟಿ ಜನಕ್ಕೆ ಕೆಲಸವಿತ್ತು, 2023–24ರಲ್ಲಿ 64.33 ಕೋಟಿ ಜನಕ್ಕೆ. ಒಂದೇ ವರ್ಷದಲ್ಲಿ ಸುಮಾರು 4.7 ಕೋಟಿ ಉದ್ಯೋಗ ಅಂತ ದೊಡ್ಡ ಸುದ್ದಿಯಾಯಿತು. ಸರ್ವೆಯಲ್ಲಿ ಸಿಕ್ಕ ಪ್ರಮಾಣವನ್ನು ಅಂದಾಜು ಜನಸಂಖ್ಯೆಗೆ ಗುಣಿಸಿ ಬರುವ ಲೆಕ್ಕ ಅದು. ಆ ಅಂದಾಜಿನ ಬುಡದಲ್ಲಿರುವುದು 2011ರ ಜನಗಣತಿ. ಹುಳುಮನೆಯ ಅಮ್ಮ, ಕುಚ್ಚಿನ ಹೆಂಡತಿ, ಸೊಪ್ಪು ಹೊತ್ತ ನಾನು, ಎಲ್ಲರೂ ಅದರಲ್ಲಿ ಒಂದೊಂದು ಉದ್ಯೋಗ.

ಮೇಷ್ಟ್ರು ಕಡೆಗೆ ಒಂದು ಲೆಕ್ಕ ಮಾಡಿಸಿದರು. ದೇಶದಲ್ಲಿ ದುಡಿಯುವವರು ನೂರು ಜನ, ದುಡಿದು ಬಂದದ್ದು ನೂರು ರೂಪಾಯಿ ಅಂದುಕೋ ಅಂದರು. ಕೃಷಿಯಲ್ಲಿರುವ 46 ಜನರ ಪಾಲಿಗೆ ಸುಮಾರು 18 ರೂಪಾಯಿ. ತಲೆಗೆ 39 ಪೈಸೆ. ಉಳಿದ 54 ಜನರ ಪಾಲಿಗೆ 82 ರೂಪಾಯಿ. ತಲೆಗೆ ಒಂದೂವರೆ ರೂಪಾಯಿ. ನಾಲ್ಕು ಪಟ್ಟು ವ್ಯತ್ಯಾಸ. ಒಂದೂವರೆ ರೂಪಾಯಿಯ ಕಡೆಯಿಂದ 39 ಪೈಸೆಯ ಕಡೆಗೆ ನಡೆದು ಬಂದವನು ನಾನು. ನಿಮ್ಮ ಲೆಕ್ಕದಲ್ಲಿ ನಾನು ಆಗಲೂ ಉದ್ಯೋಗಿ, ಈಗಲೂ ಉದ್ಯೋಗಿ. ಏನೂ ಆಗಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆಗಳು ಇವು. ಎಷ್ಟು ಜನಕ್ಕೆ ಕೆಲಸವಿದೆ ಅಂತ ಪ್ರಕಟಿಸುವಾಗಲೆಲ್ಲ ಅದೇ ಸಾಲಿನಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ, ಸಂಬಳವಿಲ್ಲದ ಸಹಾಯಕರು ಎಷ್ಟು ಅಂತಲೂ ಹೇಳಿ. ಪತ್ರಿಕಾ ಪ್ರಕಟಣೆಯ ಮೊದಲ ಪುಟದಲ್ಲೇ ಹೇಳಿ, ಕೋಷ್ಟಕ ಹುಡುಕುವ ಕೆಲಸ ನಮಗೆ ಬೇಡ. ಹಾಗೆಯೇ, ಒಂದೊಂದು ಉದ್ಯಮದ ಉತ್ಪಾದನೆ ಹೇಳುವಾಗ ಅದರಲ್ಲಿ ದುಡಿಯುವವರು ಎಷ್ಟು, ಅವರ ಕೈಗೆ ಬಂದದ್ದೆಷ್ಟು ಅನ್ನುವುದನ್ನೂ ಜಿಲ್ಲಾವಾರು ಒಟ್ಟಿಗೆ ಕೊಡಿ. ಸರ್ವೆಗೆ ಆರಿಸುವ ಮನೆಗಳನ್ನು 1,02,400ರಿಂದ 2,72,304ಕ್ಕೆ ಏರಿಸಿದ್ದೀರಿ. ಅದರ ಫಲ ಚಿಕ್ಕಬಳ್ಳಾಪುರದ ತನಕ ಬರಲಿ. ಕರ್ನಾಟಕದ ಉತ್ಪಾದನೆಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆಯದೇ. ರಾಜ್ಯದ ಸರಾಸರಿ ಅಂತ ಓದಿದರೆ ನಮಗೆ ಕಾಣುವುದು ಬೆಂಗಳೂರು, ನಮ್ಮ ಮುಖ ಅಲ್ಲ.

ಏಳನೇ ಆರ್ಥಿಕ ಗಣತಿ 2019ರಲ್ಲಿ ಶುರುವಾಯಿತು. ಮನೆ ಮನೆಗೆ ಹೋಗಿ ಬರೆದುಕೊಂಡ ಅದರ ಫಲಿತಾಂಶ ಹೊರಗೆ ಬರಲೇ ಇಲ್ಲ. ತಪ್ಪುಗಳಿದ್ದರೆ ತಪ್ಪುಗಳಿವೆ ಅಂತ ಬರೆದೇ ಪ್ರಕಟಿಸಿ. ಹೊಸ ಆಧಾರ ವರ್ಷ 2022–23ಕ್ಕೆ ಸಣ್ಣ ಉದ್ಯಮಗಳ ವಾರ್ಷಿಕ ಸರ್ವೆಯನ್ನೇ ನೇರವಾಗಿ ಬಳಸುವ ನಿಮ್ಮ ಇಲಾಖೆಯ ನಿರ್ಧಾರ ಸರಿಯಾದದ್ದು. ಆದರೆ ಹಿಂದಿನ ವರ್ಷಗಳನ್ನು ತಿದ್ದುವಾಗ, ಸಣ್ಣವರ ಪಾಲು ಎಷ್ಟು ಬದಲಾಯಿತು ಅಂತ ಬೇರೆಯಾಗಿ ತೋರಿಸಬೇಕು. 2016ರಿಂದ 2020ರವರೆಗೆ ನಮ್ಮ ಶಾಪ್‌ಗೆ ಆದದ್ದು ನಿಮ್ಮ ಪುಸ್ತಕದಲ್ಲೂ ಒಂದು ಕಡೆ ಇರಲಿ.

ಸರ್ವೆಗೆ ಬರುವವರಿಗೆ ಒಂದು ಮನೆಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಆ ಹುಡುಗನಿಗೆ ಆವತ್ತು ಇನ್ನೂ ಎಷ್ಟೋ ಮನೆ ಬಾಕಿ ಇತ್ತು, ಗಡಿಯಾರ ನೋಡುತ್ತಲೇ ಇದ್ದ. ಹೆಂಗಸರ ಕೆಲಸವನ್ನು ಹೆಂಗಸರನ್ನೇ ಕೇಳಿ ಬರೆದುಕೊಳ್ಳಬೇಕು ಅಂತ ಕಡ್ಡಾಯ ಮಾಡಿ. ಹಿತ್ತಲಿಗೆ ಹೋಗಿ ಕೇಳಲು ಎರಡು ನಿಮಿಷ ಸಾಕು.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ಕನ್ನಡದಲ್ಲಿ ಬರೆಯಿಸಿ. ಅಮ್ಮನಿಗೆ ಓದಿ ಹೇಳಬೇಕು. “ಯಾರಿಗಪ್ಪಾ ಹೆಲ್ಪು” ಅನ್ನುವ ಅವರ ಪ್ರಶ್ನೆ ಇನ್ನೂ ಹಾಗೇ ಇದೆ. ನಮ್ಮಲ್ಲಿ ಮೊನ್ನೆಯಷ್ಟೇ ಹೊಸ ಬೆಳೆಗೆ ಚಾಕಿ ಹುಳು ತಂದಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲೇತ್ ಕೆಲಸದವನು,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ